ಎತ್ತರದ ಅಳತೆ

ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬುದು ಹಿರಿಯರ ಮಾತು. ಮಾತು ಸುಳ್ಳಲ್ಲ. ಆದರೆ ಮೊಳಕೆಯಲ್ಲಿ ಏನನ್ನು ನೋಡಬೇಕು ಎಂಬುದನ್ನು ಗಾದೆ ಬಿಡಿಸಿ ಹೇಳುವುದಿಲ್ಲ. ಬಿಸಿಲು ಸಾಲದ ನೆರಳಿನಲ್ಲಿ ಹುಟ್ಟಿದ ಸಸಿ ಉಳಿದವುಗಳಿಗಿಂತ ಬೇಗ ಉದ್ದವಾಗುತ್ತದೆ; ಆದರೆ ಅದರ ಕಾಂಡ ಬಡಕಲು, ಎಲೆ ಬಿಳಿಚು. ಅನುಭವವುಳ್ಳ ರೈತ ಅದರ ಉದ್ದಕ್ಕೆ ಮರುಳಾಗುವುದಿಲ್ಲ. ಕಾಂಡವನ್ನು ಮುಟ್ಟಿ ನೋಡುತ್ತಾನೆ, ಬೇರನ್ನು ನೋಡುತ್ತಾನೆ, ನಾಲ್ಕು ದಿನ ಕಾದು ಮತ್ತೆ ನೋಡುತ್ತಾನೆ. ಸಸಿಯ ವಿಷಯದಲ್ಲಿ ಇಷ್ಟು ಎಚ್ಚರ ಬೇಕಾದರೆ ಮನುಷ್ಯರ ವಿಷಯದಲ್ಲಿ ಎಷ್ಟು ಎಚ್ಚರ ಬೇಕು! ಆದರೂ ಲೋಕದಲ್ಲಿ ತರುಣರ ಮೇಲೆ ತೀರ್ಪು ಕೊಡುವ ಕೆಲಸ ದಿನವೂ ನಡೆದೇ ಇದೆ. ಪರೀಕ್ಷಕನು ಕೊಡುತ್ತಾನೆ, ಕೆಲಸ ಕೊಡುವವನು ಕೊಡುತ್ತಾನೆ, ನೆರೆಹೊರೆಯವರು ಕೇಳದೆಯೇ ಕೊಡುತ್ತಾರೆ. ಇವುಗಳಲ್ಲಿ ಬಹುಪಾಲು ತೀರ್ಪುಗಳು ಸರಿಯಾದುವೋ ತಪ್ಪಾದುವೋ ಯಾರಿಗೂ ತಿಳಿಯುವುದಿಲ್ಲ. ಆದರೆ ಒಂದು ಬಗೆಯ ತೀರ್ಪು ಮಾತ್ರ ಲಕ್ಷಾಂತರ ಜನರ ಕಣ್ಣೆದುರಿಗೆ ನಡೆದು, ಅದರ ಫಲವೂ ಎಲ್ಲರ ಕಣ್ಣೆದುರಿಗೇ ಬೆಳಕಿಗೆ ಬರುತ್ತದೆ. ಅಮೆರಿಕದ ಕಾಲೇಜುಗಳಲ್ಲಿ ಬ್ಯಾಸ್ಕೆಟ್‌ಬಾಲ್ ಆಡುವ ನೀಳಕಾಯದ ತರುಣನೊಬ್ಬನು ಮುಂದೆ ವೃತ್ತಿಪರ ಆಟಗಾರನಾಗಿ ಬಾಳುವನೇ ಎಂದು ನಿರ್ಧರಿಸುವ ತೀರ್ಪು ಅದು. ಬಲ್ಲವರೂ ಅಲ್ಲಿ ಮತ್ತೆ ಮತ್ತೆ ಎಡವಿದ್ದಾರೆ. ಅವರು ಎಡವಿದ್ದು ಎಲ್ಲಿ ಎಂಬುದನ್ನು ನೋಡುವುದು ಆಟವಾಡದವರಿಗೂ ಪ್ರಯೋಜನಕರ.

ಈ ಆಟದಲ್ಲಿ ಎತ್ತರಕ್ಕೆ ಏಕೆ ಇಷ್ಟು ಬೆಲೆ? ಅದರ ಕಾರಣ ಆಟದ ಹುಟ್ಟಿನಲ್ಲೇ ಇದೆ. 1891ರ ಡಿಸೆಂಬರ್ ತಿಂಗಳಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರು, ಹಿಮ ಬೀಳುವ ಕಾಲದಲ್ಲಿ ಒಳಾಂಗಣದಲ್ಲಿ ಆಡಬಹುದಾದ ಆಟವೊಂದನ್ನು ತಮ್ಮ ವಿದ್ಯಾರ್ಥಿಗಳಿಗಾಗಿ ಕಲ್ಪಿಸಿದರು. ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಅಂಗಸಾಧನೆಯ ಮನೆಯ ಮೇಲಂಕಣದ ಅಂಚಿಗೆ ಮೊಳೆ ಹೊಡೆದು ನಿಲ್ಲಿಸಲಾಯಿತು. ಆ ಅಂಚು ನೆಲದಿಂದ 10 ಅಡಿ ಎತ್ತರದಲ್ಲಿತ್ತು. ಬುಟ್ಟಿ ಹೋಗಿ ಕಬ್ಬಿಣದ ಬಳೆ ಬಂದರೂ ಆ 10 ಅಡಿ ಮಾತ್ರ ಬದಲಾಗಲಿಲ್ಲ. ಐದೂವರೆ ಅಡಿಯ ಮನುಷ್ಯನಿಗೆ ಆ ಬಳೆ ಆಕಾಶದಲ್ಲಿದ್ದಂತೆ. ಏಳು ಅಡಿಯವನಿಗಾದರೋ ಕೈಗೆಟುಕುವ ಹಣ್ಣು. ಬಳೆಯ ಹತ್ತಿರ ನಿಂತು ಎದುರಾಳಿಯ ಎಸೆತವನ್ನು ತಡೆಯುವ, ಗುರಿ ತಪ್ಪಿ ಪುಟಿದ ಚೆಂಡನ್ನು ಹಿಡಿಯುವ, ಹತ್ತಿರದಿಂದ ಅಂಕ ಗಳಿಸುವ ಆಟಗಾರನಿಗೆ ಸೆಂಟರ್ ಎಂದು ಹೆಸರು. ಎತ್ತರದವರಿಗೆ ಸಹಜವಾಗಿ ಸಲ್ಲುವ ಸ್ಥಾನ ಅದು.

ಎತ್ತರದ ಈ ಬಲಕ್ಕೆ ನಿಯಮಗಳನ್ನು ಮಾಡುವವರೂ ಅಂಜಿದರು. ಬಳೆಯ ಕಡೆಗೆ ಇಳಿಯುತ್ತಿರುವ ಚೆಂಡನ್ನು ಹೊಡೆದೋಡಿಸುವುದನ್ನು ಅಮೆರಿಕದ ಕಾಲೇಜು ಆಟದಲ್ಲಿ 1944ರಲ್ಲಿ ನಿಷೇಧಿಸಿದರು. ಬಳೆಯ ಮುಂದೆ ಆಕ್ರಮಣ ಮಾಡುವವನು ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದ ಪಟ್ಟಿಯೊಂದಿದೆ. ವೃತ್ತಿಪರ ಆಟದಲ್ಲಿ ಆರು ಅಡಿಯಿದ್ದ ಅದರ ಅಗಲವನ್ನು 1951ರಲ್ಲಿ 12 ಅಡಿಗೆ, 1964ರಲ್ಲಿ 16 ಅಡಿಗೆ ಹಿಗ್ಗಿಸಿದರು. 1967ರಲ್ಲಿ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲ್ಯೂ ಅಲ್ಸಿಂಡರ್ ಎಂಬ ಏಳಡಿಯ ತರುಣನು ಕಾಲೇಜು ಆಟವನ್ನು ಆಳುತ್ತಿದ್ದಾಗ, ಚೆಂಡನ್ನು ಬಳೆಯೊಳಕ್ಕೆ ಮೇಲಿನಿಂದ ತುರುಕುವ 'ಡಂಕ್' ಎಂಬ ಹೊಡೆತವನ್ನೇ ಕಾಲೇಜು ಪಂದ್ಯಗಳಲ್ಲಿ ನಿಲ್ಲಿಸಿದರು. ಆ ನಿಷೇಧ 1976ರವರೆಗೂ ನಡೆಯಿತು. ಎತ್ತರ ತಂದುಕೊಟ್ಟ ಸುಲಭದ ದಾರಿ ಮುಚ್ಚಿಹೋದ ಮೇಲೆ ಆ ತರುಣನು ಬಳೆಗೆ ಪಕ್ಕವಾಗಿ ನಿಂತು ಒಂದೇ ಕೈಯಿಂದ ಚೆಂಡನ್ನು ಕಮಾನಿನಂತೆ ತೇಲಿಬಿಡುವ ಎಸೆತವನ್ನು ಬಲಪಡಿಸಿಕೊಂಡನು. ಮುಂದೆ ಕರೀಮ್ ಅಬ್ದುಲ್ ಜಬ್ಬಾರ್ ಎಂಬ ಹೆಸರಿನಿಂದ ಲೋಕಪ್ರಸಿದ್ಧನಾದ ಆತನು 1989ರಲ್ಲಿ ನಿವೃತ್ತನಾಗುವ ಹೊತ್ತಿಗೆ 38,387 ಅಂಕಗಳನ್ನು ಗಳಿಸಿದ್ದನು. ಆ ದಾಖಲೆ 2023ರವರೆಗೂ ಮುರಿಯಲಿಲ್ಲ. ಎತ್ತರ ಹುಟ್ಟಿನಿಂದ ಬಂದದ್ದು. ಆ ಎಸೆತವಾದರೋ ದುಡಿದು ಗಳಿಸಿದ್ದು. ಈ ಎರಡರ ನಡುವಣ ಅಂತರವನ್ನು ಗುರುತಿಸಬಲ್ಲವನೇ ನಿಜವಾದ ಪರೀಕ್ಷಕ.

ಅಮೆರಿಕದಲ್ಲಿ ಕಾಲೇಜಿನ ಆಟಗಾರನು ವೃತ್ತಿಪರ ತಂಡವನ್ನು ಸೇರುವ ಬಗೆ ವಿಶಿಷ್ಟವಾದುದು. ವರ್ಷಕ್ಕೊಮ್ಮೆ ಎಲ್ಲ ತಂಡಗಳೂ ಒಂದೆಡೆ ಸೇರಿ ಸರದಿಯಂತೆ ಒಬ್ಬೊಬ್ಬ ತರುಣನನ್ನು ಆರಿಸಿಕೊಳ್ಳುತ್ತವೆ. ಇದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಹಿಂದಿನ ವರ್ಷ ಸೋತು ಸೊರಗಿದ ತಂಡಗಳಿಗೆ ಸರದಿಯಲ್ಲಿ ಮುಂದಿನ ಸ್ಥಾನ ಸಿಗಲೆಂಬುದು ವ್ಯವಸ್ಥೆಯ ಉದ್ದೇಶ. ಆದುದರಿಂದ ಮೊದಲನೆಯ, ಎರಡನೆಯ ಆಯ್ಕೆ ಎಂದರೆ ಇಡೀ ಊರಿನ ಆಸೆ ಒಬ್ಬ ಇಪ್ಪತ್ತರ ತರುಣನ ಹೆಗಲೇರುವುದೆಂದೇ ಅರ್ಥ. ಆಯ್ಕೆಗೆ ಮುನ್ನ ಪರೀಕ್ಷಕರು ಅವನನ್ನು ಬರಿಗಾಲಿನಲ್ಲಿ ನಿಲ್ಲಿಸಿ ಎತ್ತರವನ್ನು ಅಳೆಯುತ್ತಾರೆ. ಚಾಚಿದ ತೋಳುಗಳ ಉದ್ದ, ಕೈಯೆತ್ತಿದಾಗ ಬೆರಳು ಮುಟ್ಟುವ ಎತ್ತರ, ತೂಕ, ನೆಗೆತ ಎಲ್ಲವನ್ನೂ ಬರೆದುಕೊಳ್ಳುತ್ತಾರೆ. ಕಾಲೇಜಿನಲ್ಲಿ ಅವನು ಗಳಿಸಿದ ಅಂಕಗಳನ್ನೂ ಹಿಡಿದ ಚೆಂಡುಗಳನ್ನೂ ಲೆಕ್ಕ ಹಾಕುತ್ತಾರೆ. ಸಂಖ್ಯೆಗಳಿಗೆ ಕೊರತೆಯಿಲ್ಲ. ಆದರೂ ತೀರ್ಪು ತಪ್ಪುತ್ತದೆ.

ತಪ್ಪಲು ಒಂದು ಮುಖ್ಯ ಕಾರಣವೆಂದರೆ ಕಾಲೇಜಿನ ಅಂಕಣವೂ ವೃತ್ತಿಪರರ ಅಂಕಣವೂ ನೋಡಲು ಒಂದೇ ಆದರೂ ಆಟ ಬೇರೆ. ಕಾಲೇಜಿನ ಪಂದ್ಯ 40 ನಿಮಿಷದ್ದು, ವೃತ್ತಿಪರರದು 48 ನಿಮಿಷದ್ದು. ಕಾಲೇಜಿನ ತಂಡ ವರ್ಷಕ್ಕೆ ಮೂವತ್ತು ನಲವತ್ತರೊಳಗೆ ಪಂದ್ಯಗಳನ್ನಾಡಿದರೆ ವೃತ್ತಿಪರ ತಂಡ 82 ಪಂದ್ಯಗಳನ್ನಾಡಬೇಕು. ಚೆಂಡು ಕೈಗೆ ಬಂದ ಮೇಲೆ ಕಾಲೇಜಿನಲ್ಲಿ 30 ಸೆಕೆಂಡುಗಳೊಳಗೆ ಎಸೆದರಾಯಿತು. ವೃತ್ತಿಪರರಿಗೆ 24 ಸೆಕೆಂಡು ಮಾತ್ರ. ಎಲ್ಲಕ್ಕಿಂತ ಹೆಚ್ಚಾಗಿ, ಕಾಲೇಜಿನಲ್ಲಿ ರಕ್ಷಣೆ ಮಾಡುವ ಎತ್ತರದ ಹುಡುಗನು ಬಳೆಯ ಕೆಳಗೆ ದೇವಾಲಯದ ದ್ವಾರಪಾಲಕನಂತೆ ನಿಂತೇ ಇರಬಹುದು. ವೃತ್ತಿಪರ ಆಟದಲ್ಲಿ 2001ರಿಂದ ಈಚೆಗೆ ಹಾಗಿಲ್ಲ. ತಾನು ಕಾಯಬೇಕಾದ ಎದುರಾಳಿ ಹತ್ತಿರವಿಲ್ಲದಿದ್ದರೆ ಆ ಪಟ್ಟಿಯಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲಲು ರಕ್ಷಕನಿಗೂ ಅನುಮತಿಯಿಲ್ಲ. ಎದುರಾಳಿಗಳು ಬುದ್ಧಿವಂತರು. ಅವರು ಅವನನ್ನು ಬಳೆಯಿಂದ ಇಪ್ಪತ್ತು ಅಡಿ ಆಚೆಗೆ ಎಳೆದು ತಂದು, ಚುರುಕು ಕಾಲಿನ ಗಿಡ್ಡ ಆಟಗಾರನೊಬ್ಬನ ಎದುರಿಗೆ ನಿಲ್ಲಿಸುತ್ತಾರೆ. ಆಗ ಎತ್ತರದಿಂದ ಏನು ಪ್ರಯೋಜನ? ಕಾಲು ಚಲಿಸಬೇಕು, ಕಣ್ಣು ಓದಬೇಕು, ಬುದ್ಧಿ ಕ್ಷಣದಲ್ಲಿ ನಿರ್ಧರಿಸಬೇಕು.

ಹಶೀಮ್ ಥಬೀಟನ ಕಥೆ ಇದಕ್ಕೆ ನಿದರ್ಶನ. ಆಫ್ರಿಕದ ಟಾಂಜಾನಿಯಾ ದೇಶದ ಈ ತರುಣನ ಎತ್ತರ ಏಳು ಅಡಿ ಮೂರು ಅಂಗುಲ. ಕನೆಕ್ಟಿಕಟ್ ವಿಶ್ವವಿದ್ಯಾಲಯದ ಪರವಾಗಿ ಆತನು ಪಂದ್ಯವೊಂದಕ್ಕೆ ಸರಾಸರಿ ನಾಲ್ಕಕ್ಕಿಂತ ಹೆಚ್ಚು ಎಸೆತಗಳನ್ನು ಗಾಳಿಯಲ್ಲೇ ತಡೆಯುತ್ತಿದ್ದನು. ನೋಡಿದವರು ಬೆರಗಾದರು. ಆದರೆ 2009ರ ಫೆಬ್ರವರಿಯಲ್ಲಿ ಪಿಟ್ಸ್‌ಬರ್ಗ್ ತಂಡದ ಡಿಹುವಾನ್ ಬ್ಲೇರ್ ಎಂಬ ಆರು ಅಡಿ ಏಳು ಅಂಗುಲದ ಆಟಗಾರನು ಥಬೀಟನ ಎದುರಿಗೇ ಪುಟಿದ 23 ಚೆಂಡುಗಳನ್ನು ಹಿಡಿದನು. ಎದುರಾಳಿಗಿಂತ ಎಂಟು ಅಂಗುಲ ಕಡಿಮೆಯಿದ್ದರೂ ಮೈಯೊಡ್ಡಿ ಜಾಗ ಹಿಡಿಯುವ ವಿದ್ಯೆ ಬ್ಲೇರನಿಗೆ ತಿಳಿದಿತ್ತು. ಕೊರತೆ ಎಲ್ಲಿದೆಯೆಂಬುದು ಆ ದಿನವೇ ಕಣ್ಣಿಗೆ ಬೀಳಬಹುದಾಗಿತ್ತು. ಆದರೂ ಅದೇ ವರ್ಷದ ಡ್ರಾಫ್ಟಿನಲ್ಲಿ ಮೆಂಫಿಸ್ ತಂಡ ಥಬೀಟನನ್ನು ಎರಡನೆಯವನಾಗಿ ಆರಿಸಿತು. ಏಳನೆಯವನಾಗಿ ಆಯ್ಕೆಯಾದವನು ಸ್ಟೀಫನ್ ಕರಿ. ಅಮೆರಿಕದ ಮೇಲ್ಮಟ್ಟದ ವೃತ್ತಿಪರ ಪಂದ್ಯಾವಳಿಯಲ್ಲಿ ಥಬೀಟನ ಆಟ 2014ರಲ್ಲಿ ಪಂದ್ಯಕ್ಕೆ ಸರಾಸರಿ 2.2 ಅಂಕಗಳೊಡನೆ ನಿಂತಿತು. ಕರಿ ಆಟದ ರೀತಿಯನ್ನೇ ಬದಲಿಸಿದನು. ಇಲ್ಲಿ ಹುಡುಗನ ಅಪರಾಧವೇನೂ ಇಲ್ಲ. ಅಳತೆಗೋಲಿಗೆ ಸಿಕ್ಕಿದ್ದನ್ನೇ ಆಟವೆಂದು ಭಾವಿಸಿದವರು ಪರೀಕ್ಷಕರು.

ಹಾಗೆಂದು ಎತ್ತರದವರನ್ನು ಆರಿಸಿದ್ದೆಲ್ಲ ತಪ್ಪಾಯಿತೆಂದಲ್ಲ. 1984ರ ಡ್ರಾಫ್ಟ್ ಈ ಮಾತಿನ ಎರಡೂ ಮುಖಗಳನ್ನು ತೋರಿಸುತ್ತದೆ. ಆ ವರ್ಷ ಮೊದಲನೆಯ ಆಯ್ಕೆ ಹ್ಯೂಸ್ಟನ್ ತಂಡದ್ದು, ಎರಡನೆಯದು ಪೋರ್ಟ್‌ಲ್ಯಾಂಡಿನದು, ಮೂರನೆಯದು ಶಿಕಾಗೋದ್ದು. ಹ್ಯೂಸ್ಟನ್ ಆರಿಸಿದ್ದು ಹಕೀಮ್ ಒಲಾಜುವನ್ ಎಂಬ ನೈಜೀರಿಯಾದ ತರುಣನನ್ನು. ಲಾಗೋಸ್ ನಗರದಲ್ಲಿ ಹುಟ್ಟಿದ ಆತನು ಬಾಲ್ಯದಲ್ಲಿ ಆಡಿದ್ದು ಫುಟ್‌ಬಾಲ್ ಮತ್ತು ಹ್ಯಾಂಡ್‌ಬಾಲ್. ಬ್ಯಾಸ್ಕೆಟ್‌ಬಾಲನ್ನು ಮೊದಲು ಕೈಯಲ್ಲಿ ಹಿಡಿದಾಗ ಆತನಿಗೆ ಸುಮಾರು 15 ವರ್ಷ. 1980ರಲ್ಲಿ ಹ್ಯೂಸ್ಟನ್ ವಿಶ್ವವಿದ್ಯಾಲಯಕ್ಕೆ ಬಂದ ಮೇಲೆ ಒಂದು ವರ್ಷ ಪಂದ್ಯಗಳನ್ನಾಡದೆ ಹೊರಗೇ ಉಳಿದನು. ಆಡತೊಡಗಿದ ಮೊದಲ ವರ್ಷ ಆತನ ಸರಾಸರಿ ಕೇವಲ 8.3 ಅಂಕ. ಅಷ್ಟನ್ನೇ ನೋಡಿದ್ದವರು ಆತನನ್ನು ಸಾಮಾನ್ಯನೆಂದು ಬದಿಗಿಡುತ್ತಿದ್ದರು. ಆದರೆ ಆತನು ಬೇಸಿಗೆಯ ರಜೆಯಲ್ಲಿ ಹ್ಯೂಸ್ಟನ್ನಿನ ವ್ಯಾಯಾಮಶಾಲೆಯೊಂದರಲ್ಲಿ ಮೋಸಸ್ ಮ್ಯಾಲೋನ್ ಎಂಬ ಆ ಕಾಲದ ಮಹಾ ಆಟಗಾರನ ಎದುರಿಗೆ ನಿಂತು ಆಡಿದನು. ತನಗಿಂತ ಬಲಿಷ್ಠನಾದವನ ಕೈಯಲ್ಲಿ ಸೋಲುತ್ತ ಸೋಲುತ್ತ ಕಲಿತನು. ಮರುವರ್ಷ ಸರಾಸರಿ 13.9 ಅಂಕ, ಅದರ ಮರುವರ್ಷ 16.8 ಅಂಕ, ಜೊತೆಗೆ ಪಂದ್ಯಕ್ಕೆ 13.5 ರೀಬೌಂಡುಗಳು. ಆತನಿದ್ದ ಮೂರು ವರ್ಷವೂ ಆ ತಂಡ ರಾಷ್ಟ್ರದ ಕೊನೆಯ ನಾಲ್ಕು ತಂಡಗಳಲ್ಲಿ ಒಂದಾಗಿತ್ತು. ಫುಟ್‌ಬಾಲ್ ಕಲಿಸಿದ ಕಾಲ್ಚಳಕವೇ ಮುಂದೆ ಎದುರಾಳಿಯನ್ನು ಅತ್ತ ತಿರುಗಿಸಿ ಇತ್ತ ಜಾರಿಕೊಳ್ಳುವ ಆತನ ಪ್ರಖ್ಯಾತ ಚಲನೆಗಳಿಗೆ ತಳಹದಿಯಾಯಿತು. 1994 ಮತ್ತು 1995ರಲ್ಲಿ ಆತನು ಹ್ಯೂಸ್ಟನ್ ತಂಡವನ್ನು ಚಾಂಪಿಯನ್ ಪಟ್ಟಕ್ಕೇರಿಸಿದನು. ಈ ಮೊಳಕೆಯಲ್ಲಿ ಸಿರಿಯಿತ್ತು. ಅದು ಎತ್ತರದಲ್ಲಿ ಎಷ್ಟಿತ್ತೋ ವರ್ಷದಿಂದ ವರ್ಷಕ್ಕೆ ಏರಿದ ಕಲಿಕೆಯಲ್ಲಿ ಅದಕ್ಕಿಂತ ಹೆಚ್ಚಾಗಿತ್ತು.

ಪೋರ್ಟ್‌ಲ್ಯಾಂಡ್ ತಂಡದವರು ಆರಿಸಿದ್ದು ಸ್ಯಾಮ್ ಬೋವಿ ಎಂಬ ಏಳು ಅಡಿ ಒಂದು ಅಂಗುಲದ ಕೆಂಟಕಿ ವಿಶ್ವವಿದ್ಯಾಲಯದ ಆಟಗಾರನನ್ನು. ಬೋವಿ ಒಳ್ಳೆಯ ಆಟಗಾರ. ಚೆಂಡನ್ನು ನೀಟಾಗಿ ದಾಟಿಸಬಲ್ಲವನು, ಆಟವನ್ನು ಅರಿತವನು. ಆದರೆ ಎಡಗಾಲಿನ ಮೂಳೆಯ ಪೆಟ್ಟಿನಿಂದ ಕಾಲೇಜಿನ ಎರಡು ವರ್ಷಗಳನ್ನು ಪೂರ್ತಿಯಾಗಿ ಕಳೆದುಕೊಂಡಿದ್ದನು. ತಂಡದ ವೈದ್ಯರು ಆತನನ್ನು ದೀರ್ಘವಾಗಿ ಪರೀಕ್ಷಿಸಿದರು. ಬಹಳ ವರ್ಷಗಳ ನಂತರ, 2012ರಲ್ಲಿ, ಒಂದು ಸಾಕ್ಷ್ಯಚಿತ್ರದಲ್ಲಿ ಬೋವಿಯೇ ಆ ಪರೀಕ್ಷೆಯ ಗುಟ್ಟನ್ನು ಹೇಳಿದನು. ವೈದ್ಯರು ಪುಟ್ಟ ಸುತ್ತಿಗೆಯಿಂದ ಕಾಲಿನ ಮೂಳೆಯನ್ನು ತಟ್ಟಿ ನೋಯುತ್ತದೆಯೇ ಎಂದು ಕೇಳಿದಾಗ, ಒಳಗೊಳಗೇ ನೋಯುತ್ತಿದ್ದರೂ ಆತನು ಇಲ್ಲವೆಂದಿದ್ದನಂತೆ. ಇದನ್ನು ಕೇಳಿ ಆತನನ್ನು ಹಳಿಯುವುದು ಸುಲಭ. ಆದರೆ ಬಾಳಿನ ಬಾಗಿಲು ತೆರೆಯುವ ಕ್ಷಣದಲ್ಲಿ, ಅಳೆಯುವವರ ನಡುವೆ ಒಂಟಿಯಾಗಿ ನಿಂತ ತರುಣನೊಬ್ಬನು ನೋವನ್ನು ಏಕೆ ನುಂಗಿಕೊಂಡನೆಂಬುದನ್ನು ಊಹಿಸುವುದೂ ಕಷ್ಟವಲ್ಲ. ಎಲ್ಲ ಪರೀಕ್ಷೆಗಳಿಗೂ ಇಂಥದೊಂದು ಮಿತಿಯಿದೆ. ಪರೀಕ್ಷೆಗೆ ಒಳಗಾದವನು ತೋರಿಸಲು ಅಂಜುವ ಸಂಗತಿ ಪರೀಕ್ಷಕನ ಪಟ್ಟಿಯಲ್ಲಿ ಎಂದೂ ಬರುವುದಿಲ್ಲ.

ಮೂರನೆಯವನಾಗಿ ಶಿಕಾಗೋ ಪಾಲಿಗೆ ಬಂದವನು ಮೈಕೆಲ್ ಜೋರ್ಡನ್. ಆತನ ಎತ್ತರ ಆರು ಅಡಿ ಆರು ಅಂಗುಲ. ಆತನು ಆಡುವ ಸ್ಥಾನದಲ್ಲಿ ಪೋರ್ಟ್‌ಲ್ಯಾಂಡಿನಲ್ಲಿ ಆಗಲೇ ಒಳ್ಳೆಯ ಆಟಗಾರರಿದ್ದರು. ಅವರಿಗೆ ಬೇಕಾಗಿದ್ದವನು ಸೆಂಟರ್. ಅಂದಿನ ಲೆಕ್ಕದಲ್ಲಿ ಅವರ ವಾದ ಅಸಂಗತವೇನೂ ಆಗಿರಲಿಲ್ಲ. ಜೋರ್ಡನ್ ಶಿಕಾಗೋಗೆ ಆರು ಚಾಂಪಿಯನ್ ಪಟ್ಟಗಳನ್ನು ತಂದುಕೊಟ್ಟನು. ಬೋವಿಯ ಕಾಲುಗಳು ಮತ್ತೆ ಮತ್ತೆ ಮುರಿದುವು. ಪೋರ್ಟ್‌ಲ್ಯಾಂಡಿನಲ್ಲಿದ್ದ ಐದು ವರ್ಷಗಳಲ್ಲಿ ಆತನು ಆಡಲಾದದ್ದು 139 ಪಂದ್ಯಗಳನ್ನು ಮಾತ್ರ. ಅಂದಿನಿಂದ ಇಂದಿನವರೆಗೆ ತಪ್ಪು ಆಯ್ಕೆಯ ಮಾತು ಬಂದಾಗಲೆಲ್ಲ ಜನ ಬೋವಿಯ ಹೆಸರನ್ನೆತ್ತುತ್ತಾರೆ. ಇದು ನ್ಯಾಯವೇ? ಮತ್ತೆ ಮತ್ತೆ ಶಸ್ತ್ರಚಿಕಿತ್ಸೆಯಾದರೂ ಆತನು ಎದ್ದು ಬಂದು, ಒಟ್ಟು ಹತ್ತು ಋತುಗಳಲ್ಲಿ 511 ಪಂದ್ಯಗಳನ್ನಾಡಿ, ಸರಾಸರಿ 10.9 ಅಂಕಗಳನ್ನು ಗಳಿಸಿದನು. ಅಂಥ ಕಾಲುಗಳಿಂದ ಅಷ್ಟನ್ನು ಸಾಧಿಸಲು ಎಂಥ ಛಲ ಬೇಕು! ತಪ್ಪು ಆರಿಸಿದವರದು, ಅದರ ಹೊರೆಯನ್ನು ಬಾಳೆಲ್ಲ ಹೊತ್ತವನು ಆಯ್ಕೆಯಾದ ಹುಡುಗ. ತೀರ್ಪು ಕೊಡುವವರು ಮರೆಯಬಾರದ ಮಾತು ಇದು.

ಅದೇ ಪೋರ್ಟ್‌ಲ್ಯಾಂಡ್ ತಂಡ 2007ರಲ್ಲಿ ಓಹಾಯೋ ರಾಜ್ಯ ವಿಶ್ವವಿದ್ಯಾಲಯದ ಗ್ರೆಗ್ ಓಡನ್ ಎಂಬ ಏಳಡಿಯ ತರುಣನನ್ನು ಕೆವಿನ್ ಡ್ಯುರಾಂಟನಿಗಿಂತ ಮೊದಲು ಆರಿಸಿತು. ಓಡನ್ ಕಾಲೇಜಿನಲ್ಲಿ ಆಡಿದ್ದು ಒಂದೇ ವರ್ಷ. ಬಲಗೈ ಮಣಿಕಟ್ಟಿಗೆ ಪೆಟ್ಟಾಗಿದ್ದಾಗ ಎಡಗೈಯಿಂದ ಫ್ರೀ ಥ್ರೋ ಎಸೆದು ಆಡಿದ ಧೀರ ಆತನು. ಪ್ರತಿಭೆಯಲ್ಲಿ ಕೊರತೆಯಿರಲಿಲ್ಲ, ಶ್ರದ್ಧೆಯಲ್ಲಿಯೂ ಕೊರತೆಯಿರಲಿಲ್ಲ. ಮೊಣಕಾಲುಗಳು ಮಾತ್ರ ಒಪ್ಪಲಿಲ್ಲ. ಅಮೆರಿಕದ ಮೇಲ್ಮಟ್ಟದ ವೃತ್ತಿಪರ ಪಂದ್ಯಾವಳಿಯಲ್ಲಿ ಆತನಿಗೆ ದೊರೆತದ್ದು 105 ಪಂದ್ಯಗಳು. ಭಾರವಾದ ನೀಳದೇಹವನ್ನು ಹೊತ್ತು ನೆಗೆದು ಇಳಿಯುವ ಕಾಲುಗಳ ಮೇಲೆ ಬೀಳುವ ಒತ್ತಡ ಅಪಾರ. ಎತ್ತರ ವರವಾದಂತೆ ಹೊರೆಯೂ ಆಗಬಲ್ಲುದು.

ಇನ್ನು ಟಿಮ್ ಡಂಕನ್ ಎಂಬುವನ ಕಥೆ ಬೇರೆ ತೆರನಾದುದು. ಕೆರಿಬಿಯನ್ ಸಮುದ್ರದ ಸೇಂಟ್ ಕ್ರಾಯ್ ಎಂಬ ಪುಟ್ಟ ದ್ವೀಪದಲ್ಲಿ 1976ರಲ್ಲಿ ಹುಟ್ಟಿದ ಆತನು ಮೊದಲು ಈಜುಗಾರ. ಅಕ್ಕ 1988ರ ಒಲಿಂಪಿಕ್ಸ್‌ನಲ್ಲಿ ಈಜಿದ್ದಳು. ತಮ್ಮನೂ ಹಾಗೆಯೇ ಆಗಬೇಕೆಂದಿದ್ದನು. 1989ರ ಸೆಪ್ಟೆಂಬರಿನಲ್ಲಿ ಬಂದ ಚಂಡಮಾರುತವು ದ್ವೀಪದಲ್ಲಿದ್ದ ಏಕೈಕ ದೊಡ್ಡ ಈಜುಕೊಳವನ್ನು ಹಾಳುಗೆಡವಿತು. ಸಮುದ್ರದಲ್ಲಿ ಈಜೋಣವೆಂದರೆ ಆತನಿಗೆ ಶಾರ್ಕ್ ಮೀನುಗಳ ಭಯ. ಮರುವರ್ಷ, ಹದಿನಾಲ್ಕನೆಯ ಹುಟ್ಟುಹಬ್ಬದ ಹಿಂದಿನ ದಿನ, ತಾಯಿ ಕ್ಯಾನ್ಸರ್ ರೋಗದಿಂದ ತೀರಿಕೊಂಡರು. ಸಾಯುವ ಮುನ್ನ ಅವರು ಕಾಲೇಜಿನ ಪದವಿಯನ್ನು ಪಡೆದೇ ತೀರುವೆವೆಂಬ ಮಾತನ್ನು ಮಕ್ಕಳಿಂದ ಪಡೆದಿದ್ದರು. ಡಂಕನ್ ಬ್ಯಾಸ್ಕೆಟ್‌ಬಾಲನ್ನು ಗಂಭೀರವಾಗಿ ಹಿಡಿದದ್ದು ಒಂಬತ್ತನೆಯ ತರಗತಿಯಲ್ಲಿ. ಆಗ ಆತನಿಗೆ ಆಟವೇ ಸರಿಯಾಗಿ ಬಾರದು.

ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದ ತರಬೇತುದಾರ ಡೇವ್ ಓಡಮ್ ಅವರು ಈ ಹುಡುಗನನ್ನು ನೋಡಲು ದ್ವೀಪಕ್ಕೆ ಹೋದಾಗ ಆತನು ಶೂನ್ಯದೃಷ್ಟಿಯಿಂದ ನೋಡುತ್ತ ಸುಮ್ಮನೆ ಕುಳಿತಿದ್ದನು. ತಮ್ಮ ಮಾತು ಇವನ ಕಿವಿಗೆ ಬೀಳುತ್ತಿದೆಯೇ ಎಂದು ಅವರಿಗೆ ಸಂದೇಹ ಬಂದಿತು. ಆಮೇಲೆ ತಿಳಿಯಿತು, ಗಮನವಿಟ್ಟು ಕೇಳುವುದೆಂದರೆ ಆ ಹುಡುಗನ ರೀತಿಯೇ ಹಾಗೆ ಎಂದು. ಕಾಲೇಜಿನ ಮೊದಲ ಪಂದ್ಯದಲ್ಲಿ ಡಂಕನ್ ಒಂದು ಅಂಕವನ್ನೂ ಗಳಿಸಲಿಲ್ಲ. ಎರಡು ವರ್ಷ ಕಳೆಯುವಷ್ಟರಲ್ಲಿ ವೃತ್ತಿಪರ ತಂಡಗಳ ಕಣ್ಣು ಆತನ ಮೇಲೆ ಬಿದ್ದಿತು. ಆಗಲೇ ಹೊರಟಿದ್ದರೆ ಹಣದ ಹೊಳೆ ಹರಿಯುತ್ತಿತ್ತು. ಆದರೆ ತಾಯಿಗೆ ಕೊಟ್ಟ ಮಾತಿತ್ತು. ನಾಲ್ಕು ವರ್ಷವೂ ಓದಿ 1997ರಲ್ಲಿ ಮನಶ್ಶಾಸ್ತ್ರದಲ್ಲಿ ಪದವಿ ಪಡೆದೇ ಆತನು ಹೊರಬಂದನು. ಆ ನಾಲ್ಕು ವರ್ಷ ವ್ಯರ್ಥವಾಗಲಿಲ್ಲ. ಮೊದಲ ವರ್ಷ 9.8 ಇದ್ದ ಅಂಕಗಳ ಸರಾಸರಿ ಕೊನೆಯ ವರ್ಷ 20.8 ಆಯಿತು. ಚೆಂಡನ್ನು ಹಲಗೆಯ ತಕ್ಕ ಮೂಲೆಗೆ ತಾಗಿಸಿ ಬಳೆಗೆ ಬೀಳಿಸುವ ಎಸೆತ, ಜೊತೆಗಾರನು ಎಡವಿದಾಗ ತುಂಬಿಕೊಳ್ಳುವ ರಕ್ಷಣೆ, ಸರಿಯಾದ ಹೊತ್ತಿಗೆ ಚೆಂಡನ್ನು ಬಿಟ್ಟುಕೊಡುವ ವಿವೇಕ ಇವೆಲ್ಲ ಆತನಲ್ಲಿ ಪಕ್ವವಾದುವು. ಆ ವರ್ಷ ಮೊದಲನೆಯವನಾಗಿ ಆರಿಸಿದ ಸ್ಯಾನ್ ಆಂಟೋನಿಯೋ ತಂಡಕ್ಕಾಗಿಯೇ ಆತನು 2016ರವರೆಗೆ ಹತ್ತೊಂಬತ್ತು ಋತುಗಳನ್ನು ಆಡಿ ಐದು ಪಟ್ಟಗಳನ್ನು ತಂದುಕೊಟ್ಟನು. ಆತನ ಆಟದಲ್ಲಿ ಅಬ್ಬರವಿರಲಿಲ್ಲ. ಅಬ್ಬರವನ್ನೇ ಹುಡುಕುವ ಕಣ್ಣಿಗೆ ಆತನು ಕಾಣುತ್ತಲೇ ಇರಲಿಲ್ಲ.

ಎತ್ತರಕ್ಕೆ ಮರುಳಾಗಿ ಎಡವಿದವರು ಅನಂತರದ ಕಾಲದಲ್ಲಿ ಎತ್ತರವನ್ನೇ ಸಂಶಯಿಸಿ ಎಡವತೊಡಗಿದರು. ಕೆನಡ ದೇಶದ ಟೊರಾಂಟೋ ನಗರದ ಝ್ಯಾಕ್ ಈಡಿ ಏಳು ಅಡಿ ನಾಲ್ಕು ಅಂಗುಲದವನು. ಬಾಲ್ಯದಲ್ಲಿ ಆತನು ಆಡಿದ್ದು ಹಾಕಿ ಮತ್ತು ಬೇಸ್‌ಬಾಲ್. ಬ್ಯಾಸ್ಕೆಟ್‌ಬಾಲಿಗೆ ಬಂದದ್ದು ತಡವಾಗಿ. ಪರ್ಡ್ಯೂ ವಿಶ್ವವಿದ್ಯಾಲಯದ ತಂಡದಲ್ಲಿ ಆತನ ಅಂಕಗಳ ಸರಾಸರಿ ನಾಲ್ಕು ವರ್ಷಗಳಲ್ಲಿ ಕ್ರಮವಾಗಿ 8.7, 14.4, 22.3, 25.2 ಎಂದು ಏರಿತು. 2023ರಲ್ಲಿ ರಾಷ್ಟ್ರದ ಶ್ರೇಷ್ಠ ಕಾಲೇಜು ಆಟಗಾರನೆಂಬ ಗೌರವ ಆತನಿಗೆ ದೊರೆಯಿತು. ಆದರೆ ಅದೇ ವರ್ಷದ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಆತನ ತಂಡ ಫೇರ್ಲೀ ಡಿಕಿನ್ಸನ್ ಎಂಬ ತಂಡಕ್ಕೆ 63–58ರಿಂದ ಸೋತಿತು. ದೇಶದ ಪ್ರಥಮ ದರ್ಜೆಯ ತಂಡಗಳಲ್ಲಿ ಎಲ್ಲಕ್ಕಿಂತ ಕಡಿಮೆ ಸರಾಸರಿ ಎತ್ತರವಿದ್ದ ತಂಡ ಅದು! ಕಾಲು ನಿಧಾನ, ಕಾಲ ಮುಗಿದ ಆಟ ಎಂಬ ಟೀಕೆಗಳು ಆತನ ಬೆನ್ನು ಹತ್ತಿದುವು. ಡ್ರಾಫ್ಟಿಗೆ ಕೊಟ್ಟಿದ್ದ ಹೆಸರನ್ನು ಹಿಂತೆಗೆದುಕೊಂಡು ಆತನು ಕಾಲೇಜಿಗೇ ಮರಳಿದನು. 2024ರಲ್ಲಿ ಶ್ರೇಷ್ಠ ಆಟಗಾರನ ಗೌರವವನ್ನು ಎರಡನೆಯ ಬಾರಿ ಪಡೆದುದಲ್ಲದೆ ತಂಡವನ್ನು ಅಂತಿಮ ಪಂದ್ಯದವರೆಗೆ ಒಯ್ದು, ಆ ಪಂದ್ಯದಲ್ಲಿ ತಂಡ ಸೋತರೂ ತಾನು 37 ಅಂಕಗಳನ್ನು ಗಳಿಸಿದನು. ಮೆಂಫಿಸ್ ತಂಡ ಒಂಬತ್ತನೆಯವನಾಗಿ ಆತನನ್ನು ಆರಿಸಿದಾಗ ಹುಬ್ಬೇರಿಸಿದವರು ಅನೇಕರು. ಮೊದಲ ಋತುವಿನ ಕೊನೆಗೆ ಆತನ ಹೆಸರು ಹೊಸಬರ ಅತ್ಯುತ್ತಮ ಐವರಲ್ಲಿ ಸೇರಿತ್ತು. ಆತನ ಬಾಳಿನ ಪೂರ್ಣ ಲೆಕ್ಕ ಬರೆಯಲು ಇನ್ನೂ ಕಾಲ ಬೇಕು. ಸೋಲಿನ ಮರುದಿನ ತೀರ್ಪನ್ನು ಮುದ್ರೆಯೊತ್ತಿ ಮುಗಿಸಿದವರಂತೂ ಅವಸರಪಟ್ಟರೆಂಬುದು ಆಗಲೇ ಸ್ಪಷ್ಟವಾಗಿದೆ.

ಭಾರತಕ್ಕೂ ಈ ಕಥೆಯಲ್ಲಿ ಒಂದು ಪುಟವಿದೆ. ಪಂಜಾಬಿನ ಬಲ್ಲೋಕೆ ಎಂಬ ಹಳ್ಳಿಯ ಸತ್ನಾಮ್ ಸಿಂಗ್ ಏಳು ಅಡಿ ಎರಡು ಅಂಗುಲ ಬೆಳೆದು, ಲೂಧಿಯಾನದಲ್ಲಿ ಆಟ ಕಲಿತು, 2010ರಲ್ಲಿ ಫ್ಲಾರಿಡಾದ ಕ್ರೀಡಾಶಾಲೆಯೊಂದನ್ನು ಸೇರಿದನು. 2015ರಲ್ಲಿ ಡಾಲಸ್ ತಂಡ ಆತನನ್ನು 52ನೆಯವನಾಗಿ ಆರಿಸಿದಾಗ, ಆ ಡ್ರಾಫ್ಟಿನಲ್ಲಿ ಆಯ್ಕೆಯಾದ ಭಾರತದ ಮೊದಲ ಆಟಗಾರನೆಂಬ ಕೀರ್ತಿ ಆತನದಾಯಿತು. ಆದರೆ ಉಳಿದವರಿಗೆ ದೊರೆತ ಕಾಲೇಜಿನ ಪಂದ್ಯಗಳ ವರ್ಷಗಳು ಆತನಿಗೆ ದೊರೆತಿರಲಿಲ್ಲ. ಕೆಳಹಂತದ ವೃತ್ತಿಪರ ಪಂದ್ಯಾವಳಿಯಲ್ಲಿ ಆಡಿದರೂ ಮೇಲಿನ ಅಂಕಣವನ್ನು ಆತನು ಏರಲಾಗಲಿಲ್ಲ. ಒಲಾಜುವನನಿಗೆ ಮೂರು ವರ್ಷ, ಡಂಕನ್ನನಿಗೆ, ಈಡಿಗೆ ನಾಲ್ಕು ವರ್ಷ ಕಾಲೇಜು ಕೊಟ್ಟದ್ದು ತಪ್ಪು ಮಾಡಿ ತಿದ್ದಿಕೊಳ್ಳುವ ಬಿಡುವನ್ನು. ಆ ಬಿಡುವಿಲ್ಲದೆ ಎಷ್ಟು ಎತ್ತರದ ಮೊಳಕೆಯೂ ಬಲಿಯುವುದು ಕಷ್ಟ.

ಹಾಗಾದರೆ ಪರೀಕ್ಷಕನು ನೋಡಬೇಕಾದುದೇನು? ಮೊದಲನೆಯದು, ಕಳೆದ ವರ್ಷದ ಹುಡುಗನಿಗೂ ಈ ವರ್ಷದ ಹುಡುಗನಿಗೂ ಇರುವ ಅಂತರ. ಒಂದು ದಿನದ ಅಳತೆ ಹುಡುಗನು ಎಲ್ಲಿ ನಿಂತಿದ್ದಾನೆಂಬುದನ್ನು ಹೇಳುತ್ತದೆ. ಎರಡು ಅಳತೆಗಳ ನಡುವಣ ಅಂತರವು ಅವನು ಎತ್ತ ನಡೆಯುತ್ತಿದ್ದಾನೆಂಬುದನ್ನು ಹೇಳುತ್ತದೆ. ಎರಡನೆಯದು, ಚೆಂಡು ತನ್ನ ಕೈಯಲ್ಲಿಲ್ಲದಾಗ ಅವನು ಮಾಡುವ ಕೆಲಸ. ಅಂಕ ಗಳಿಸುವಾಗ ಎಲ್ಲರೂ ಉತ್ಸಾಹಿಗಳೇ. ದಣಿದ ಹೊತ್ತಿನಲ್ಲಿ ಜೊತೆಗಾರನಿಗಾಗಿ ಹಿಂದಕ್ಕೆ ಓಡುವವನು ಯಾರೆಂದು ನೋಡಬೇಕು. ಮೂರನೆಯದು, ಸುಲಭದ ದಾರಿ ಮುಚ್ಚಿದಾಗ ಅವನು ಹಿಡಿಯುವ ದಾರಿ. ಜಬ್ಬಾರ್ ಹೊಸ ಎಸೆತವನ್ನು ಹುಡುಕಿಕೊಂಡನು. ಡಂಕನ್ ಹೊಸ ಆಟವನ್ನೇ ಹುಡುಕಿಕೊಂಡನು. ಇವನ್ನೆಲ್ಲ ನೋಡಿದ ಮೇಲೆಯೂ ಕಾಲಿನ ಮೂಳೆಯೊಳಗೆ ಅಡಗಿದ ಬಿರುಕನ್ನು ಯಾರೂ ನೋಡಲಾರರು. ಅಲ್ಲಿ ಪರೀಕ್ಷಕನು ತಲೆಬಾಗಬೇಕು.

ತೀರ್ಪೇ ಬೇಡವೆನ್ನಲಾಗದು. ತಂಡಕ್ಕೆ ಆಟಗಾರನು ಬೇಕು, ಶಾಲೆಗೆ ಶ್ರೇಣಿ ಬೇಕು, ಕೆಲಸಕ್ಕೆ ಕೆಲಸಗಾರನು ಬೇಕು. ಆರಿಸದೆ ಲೋಕ ನಡೆಯದು. ಆದರೆ ಆರಿಸುವವರು ತಾವು ಅಳೆದದ್ದು ಆಟವನ್ನು, ಮನುಷ್ಯನನ್ನಲ್ಲ ಎಂಬುದನ್ನು ನೆನಪಿನಲ್ಲಿಡಬೇಕು. ಹತ್ತೊಂಬತ್ತು, ಇಪ್ಪತ್ತರ ವಯಸ್ಸಿನಲ್ಲಿ ಕೊಟ್ಟ ತೀರ್ಪನ್ನು ಶಿಲಾಶಾಸನದಂತೆ ಕೆತ್ತದೆ, ತಿದ್ದಲು ಬರುವ ಬಳಪದಲ್ಲಿ ಬರೆಯುವುದು ಮೇಲು. ಅಳತೆಗೊಳಗಾದ ತರುಣನೂ ಅಷ್ಟೇ. ಪಟ್ಟಿಯ ಮೇಲ್ತುದಿಯಲ್ಲಿ ತನ್ನ ಹೆಸರು ಬಂದರೆ ಗೆದ್ದೆನೆಂದು ಬೀಗಬಾರದು, ಕೆಳಗೆ ಬಂದರೆ ಮುಗಿಯಿತೆಂದು ಕುಗ್ಗಬಾರದು. ಚಂಡಮಾರುತವು ಈಜುಕೊಳವನ್ನು ಕೊಚ್ಚಿದ ವರ್ಷ ಸೇಂಟ್ ಕ್ರಾಯ್ ದ್ವೀಪದ ಆ ಹದಿಮೂರರ ಹುಡುಗನನ್ನು ಯಾರು ಅಳೆದಿದ್ದರೂ ಮುಂದೆ ಬರಲಿದ್ದ ಐದು ಪಟ್ಟಗಳು ಅವರ ಕಣ್ಣಿಗೆ ಬೀಳುತ್ತಿರಲಿಲ್ಲ. ಅವು ಆತನ ಎತ್ತರದಲ್ಲಿ ಇನ್ನೂ ಇರಲಿಲ್ಲ. ಆತನು ಕಲಿಯಬೇಕಾಗಿದ್ದ ಪಾಠಗಳಲ್ಲಿದ್ದುವು.